ಸುಡಾನಿನ ಆಸ್ಪತ್ರೆಗಳಿಗೆ ನಮ್ಮ ಮನೆಯ ಉಳಿದ ಮಾತ್ರೆ ಬೇಡ: ಶಿವಮೊಗ್ಗದಿಂದ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮತ್ತು ಔಷಧಿ ಸಂಗ್ರಹದ ಪೆಟ್ಟಿಗೆಗೆ ಏನಾದರೂ ಹಾಕಬೇಕು ಅಂತ ಮನಸ್ಸು ಮಾಡಿರುವ ಶಿವಮೊಗ್ಗ ಜಿಲ್ಲೆಯ ಎಲ್ಲರಿಗೂ,

ನಮಸ್ಕಾರ.

ಸರ್ಕಾರಿ ಆಸ್ಪತ್ರೆಗಳ ಔಷಧಿ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಸಾಗರ, ಹೊಸನಗರ, ಕೊನೆಗೆ ಶಿವಮೊಗ್ಗ. ಇಂಡೆಂಟ್, ಸ್ಟಾಕ್ ರಿಜಿಸ್ಟರ್, ಎಕ್ಸ್‌ಪೈರಿ ಡೇಟ್, ಇವೇ ನನ್ನ ಜೀವಮಾನದ ಓದು. ಈಗ ಸುಡಾನಿನ ಆಸ್ಪತ್ರೆಗಳಿಗೆ ಏನಾದರೂ ಕಳಿಸೋಣ ಅಂತ ಊರಿನ ಕೆಲವರು ಸೇರಿದ್ದಾರೆ. ಮೇಷ್ಟ್ರುಗಳಿದ್ದಾರೆ, ಅಡಕೆ ಬೆಳೆಗಾರರಿದ್ದಾರೆ, ನರ್ಸಿಂಗ್ ಓದುವ ಹುಡುಗಿಯರಿದ್ದಾರೆ. ಗುಂಪಿಗೆ ಇನ್ನೂ ಹೆಸರಿಲ್ಲ, ರಸೀದಿ ಪುಸ್ತಕ ಮಾತ್ರ ಇದೆ. ಬಂದದ್ದನ್ನು ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ಮೇಜಿನ ಮುಂದೆ ಕೂತು ಕಂಡದ್ದನ್ನು ಹೇಳಲು ಈ ಪತ್ರ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ದಯವಿಟ್ಟು ತರಬೇಡಿ. ಅಲ್ಲಿಯ ಆಸ್ಪತ್ರೆ ಏನು ಕೇಳುತ್ತದೋ ಅದನ್ನು ಹೊಸದಾಗಿ ಕೊಂಡು ಕಳಿಸೋಣ. ಅದು ಆಗದಿದ್ದರೆ, ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರಿಗೆ ದುಡ್ಡು ಕೊಡೋಣ. ಇದಕ್ಕೆ ಕಾನೂನಿನ ದಾರಿ ಯಾವುದು ಅಂತ ಜಿಲ್ಲಾಡಳಿತ ನಮಗೆ ಬರಹದಲ್ಲಿ ತಿಳಿಸಲಿ. ಇಷ್ಟೇ ನನ್ನ ಮಾತು. ಯಾಕೆ ಅನ್ನುವುದು ಸ್ವಲ್ಪ ಉದ್ದ.

ಸುಡಾನ್ ಎಲ್ಲಿ, ಶಿವಮೊಗ್ಗ ಎಲ್ಲಿ ಅಂತ ಕೇಳುವವರು ಸ್ವಲ್ಪ ಹಿಂದಕ್ಕೆ ಹೋಗಬೇಕು. 2023ರ ಏಪ್ರಿಲ್ 15ರಂದು ಅಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಆ ವಾರ ನಮ್ಮ ಪತ್ರಿಕೆಗಳಲ್ಲಿ ಯಾರ ಸುದ್ದಿ ಇತ್ತು? ಹಕ್ಕಿಪಿಕ್ಕಿ ಜನರದ್ದು. ಹುಣಸೂರು, ಚನ್ನಗಿರಿ ಕಡೆಯವರ ಜೊತೆ ನಮ್ಮ ಜಿಲ್ಲೆಯವರೂ ಅಲ್ಲಿ ಸಿಕ್ಕಿಬಿದ್ದಿದ್ದರು. ಗಿಡಮೂಲಿಕೆ ಔಷಧಿ, ತಲೆಗೆ ಹಚ್ಚುವ ಎಣ್ಣೆ ಮಾರುತ್ತಾ ಆಫ್ರಿಕಾದ ಊರೂರು ತಿರುಗುವವರು ಅವರು. ಕಾಲೇಜು ಮೆಟ್ಟಿಲು ಹತ್ತದೆ ಜಗತ್ತು ಸುತ್ತಿದ ಜನ ನಮ್ಮ ಜಿಲ್ಲೆಯಲ್ಲಿ ಇದ್ದರೆ ಅವರೇ. ಅವರಲ್ಲಿ ಕೆಲವರು ಇದ್ದದ್ದು ಡಾರ್ಫರ್ ಪ್ರಾಂತ್ಯದ ಎಲ್ ಫಾಶರ್‌ನಲ್ಲಿ. ಹೊರಗೆ ಗುಂಡಿನ ಸದ್ದು, ಒಳಗೆ ಊಟ ನೀರಿಗೂ ಕಷ್ಟ. ಫೋನಿನಲ್ಲಿ ಅವರು ಕಳಿಸಿದ ವೀಡಿಯೋಗಳನ್ನು ಟಿವಿಯಲ್ಲಿ ನೋಡಿದ್ದೇವೆ. ಮುಂದೆ ಆಪರೇಷನ್ ಕಾವೇರಿ ಅಂತ ಹೆಸರಿಟ್ಟು ಸರ್ಕಾರ 3,800ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು. ಪೋರ್ಟ್ ಸುಡಾನಿನಿಂದ ಕೆಂಪು ಸಮುದ್ರ ದಾಟಿ ಜೆದ್ದಾ, ಅಲ್ಲಿಂದ ಊರು. ನಮ್ಮವರು ಬಂದರು. ನಮ್ಮ ಪಾಲಿಗೆ ಸುದ್ದಿ ಅಲ್ಲಿಗೆ ಮುಗಿಯಿತು.

ಎಲ್ ಫಾಶರ್‌ನ ಜನರಿಗೆ ಹೋಗಲು ಬೇರೆ ಊರಿರಲಿಲ್ಲ. 2024ರ ಮೇ ತಿಂಗಳಿಂದ ಆರ್‌ಎಸ್‌ಎಫ್ ಊರಿಗೆ ಮುತ್ತಿಗೆ ಹಾಕಿತು. ಜೂನ್‌ನಲ್ಲಿ ಅಲ್ಲಿಯ ದಕ್ಷಿಣ ಆಸ್ಪತ್ರೆಗೆ ನುಗ್ಗಿ ಲೂಟಿ ಮಾಡಿದರು, ಅದು ಮುಚ್ಚಿತು. ತಿನ್ನಲು ಏನೂ ಇಲ್ಲದೆ ಜನ ಕಡಲೆಕಾಯಿ ಎಣ್ಣೆ ತೆಗೆದು ಉಳಿದ ಹಿಂಡಿ ತಿಂದರು. ನಾವು ದನಕ್ಕೆ ನೆನೆಹಾಕುವುದು. ಗಾಜ್ ಬಟ್ಟೆ ಮುಗಿದಾಗ ಡಾಕ್ಟರುಗಳು ಸೊಳ್ಳೆ ಪರದೆ ಕತ್ತರಿಸಿ ಗಾಯಕ್ಕೆ ಬಳಸಿದರು. 2025ರ ಅಕ್ಟೋಬರ್ 26ರಂದು ಊರು ಆರ್‌ಎಸ್‌ಎಫ್ ಕೈಗೆ ಬಿತ್ತು. ಅದಾಗಿ ಎರಡು ದಿನಕ್ಕೆ ಅಲ್ಲಿ ಉಳಿದಿದ್ದ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಂದ ವರದಿ ಬಂದಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಹೆರಿಗೆ ಆಸ್ಪತ್ರೆ ಅದು. ನಮ್ಮ ಗುಂಪು ಹುಟ್ಟಿದ್ದು ಆ ಸುದ್ದಿ ಓದಿದ ಮೇಲೆ.

ಈಗ ಮೇಜಿನ ಮೇಲೆ ಬಂದದ್ದರ ವಿಷಯ.

ಅರ್ಧ ಕತ್ತರಿಸಿದ ಸ್ಟ್ರಿಪ್‌ಗಳೇ ಜಾಸ್ತಿ. ಐದು ದಿನದ ಆಂಟಿಬಯಾಟಿಕ್‌ನಲ್ಲಿ ಎರಡು ದಿನ ನುಂಗಿ, ಜ್ವರ ಬಿಟ್ಟ ಮೇಲೆ ಡಬ್ಬಿಗೆ ಹಾಕಿದ್ದು. ಎಕ್ಸ್‌ಪೈರಿ ಡೇಟ್ ಇರುವ ತುದಿಯನ್ನು ಅಂಗಡಿಯವರು ಕತ್ತರಿಸಿ ಇನ್ಯಾರಿಗೋ ಕೊಟ್ಟಿದ್ದಾರೆ, ಹಾಗಾಗಿ ಅದು ಈ ವರ್ಷದ್ದೋ ಹೋದ ಚುನಾವಣೆಯ ಕಾಲದ್ದೋ ಹೇಳುವಂತಿಲ್ಲ. ಮುಚ್ಚಳ ತೆಗೆದ ಕೆಮ್ಮಿನ ಸಿರಪ್. ಮಾರಾಟಕ್ಕಿಲ್ಲ ಅಂತ ಮುದ್ರೆ ಇರುವ ಡಾಕ್ಟರ್ ಸ್ಯಾಂಪಲ್‌ಗಳು. ಕೂದಲು ಬೆಳೆಯುವ ಕ್ಯಾಪ್ಸೂಲ್. ಪ್ರೋಟೀನ್ ಪುಡಿ. ಒಬ್ಬರು ಪೂಜೆಗೆ ತಂದ ಕರ್ಪೂರದ ಡಬ್ಬಿ ಕೊಟ್ಟು, ನೆಗಡಿಗೆ ಆಗುತ್ತೆ ಇಟ್ಕೊಳ್ಳಿ ಅಂದರು. ನಕ್ಕು ವಾಪಸ್ ಕೊಟ್ಟೆ, ಅವರೂ ನಕ್ಕರು.

ನಗು ಬಾರದ ಸಾಮಾನೂ ಬಂದಿದೆ. ಅಪ್ಪ ತೀರಿಕೊಂಡ ಮೇಲೆ ಉಳಿದ ಇನ್ಸುಲಿನ್, ಬಿಪಿ ಮಾತ್ರೆ, ಯೂರಿನ್ ಬ್ಯಾಗ್. ಕವರಿನಲ್ಲಿ ಅಚ್ಚುಕಟ್ಟಾಗಿ ಕಟ್ಟಿ ತಂದಿರುತ್ತಾರೆ. ಎಸೆಯಲು ಮನಸ್ಸಾಗುವುದಿಲ್ಲ, ಮನೆಯಲ್ಲಿ ನೋಡುತ್ತಾ ಇರಲೂ ಆಗುವುದಿಲ್ಲ. ಯಾರಿಗಾದರೂ ಉಪಯೋಗವಾದರೆ ಅಪ್ಪನ ಹೆಸರಿಗೆ ಪುಣ್ಯ ಅಂತ ಹೇಳುವಾಗ, ಆ ಇನ್ಸುಲಿನ್ ಯಾರ ಮೈಗೂ ಚುಚ್ಚುವಂತಿಲ್ಲ ಅಂತ ಹೇಳಬೇಕಾದ ಕಷ್ಟ ನನ್ನದು. ಇನ್ಸುಲಿನ್ ಸ್ಟಾಕ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಕರೆಂಟ್ ಹೋದ ಫ್ರಿಜ್ಜಿನಲ್ಲಿ ಎಷ್ಟು ದಿನ ಇತ್ತು, ಬಾಗಿಲಲ್ಲಿತ್ತೋ ಐಸಿನ ಪಕ್ಕದಲ್ಲಿತ್ತೋ ಯಾರಿಗೆ ಗೊತ್ತು? ಹಾಳಾದ ಇನ್ಸುಲಿನ್ ಎಷ್ಟೋ ಸಲ ನೋಡಲು ಸರಿಯಾಗಿಯೇ ಕಾಣುತ್ತದೆ. ಸಮಸ್ಯೆಯೇ ಅದು.

ಆದರೆ ಒಂದು ಕಡೆಯಿಂದ ಬಂದದ್ದಕ್ಕೆ ನನಗೆ ಸಿಟ್ಟು ಬಂತು. ಕಾರ್ಟನ್‌ಗಟ್ಟಲೆ ಐವಿ ಸೆಟ್, ಇಂಜೆಕ್ಷನ್. ಅವಧಿ ಮುಗಿಯಲು ಎರಡೇ ತಿಂಗಳು. ಜೊತೆಗೆ ಎಂಆರ್‌ಪಿ ಲೆಕ್ಕದಲ್ಲಿ ರಸೀದಿ ಕೊಡಿ, ಫೋಟೋ ತೆಗೆಸಿ ಅಂತ ಬೇಡಿಕೆ. ಅವರು ಯಾರು, ಯಾವ ಊರು ಅನ್ನುವುದು ಇಲ್ಲಿ ಬೇಡ. ಸ್ಟಾಕ್ ಖಾಲಿ ಮಾಡುವುದಕ್ಕೂ ದಾನಕ್ಕೂ ಇರುವ ವ್ಯತ್ಯಾಸ ಕಾರ್ಟನ್ ಮೇಲಿನ ತಾರೀಕಿನಲ್ಲೇ ಕಾಣುತ್ತದೆ, ಅಲ್ವಾ?

ಇಂಥ ದಾನ ಹೊಸದೇನಲ್ಲ. 1988ರಲ್ಲಿ ಅರ್ಮೇನಿಯಾದಲ್ಲಿ ಭೂಕಂಪವಾದಾಗ ಜಗತ್ತಿನ ಎಲ್ಲ ಕಡೆಯಿಂದ 5,000 ಟನ್ ಔಷಧಿ, ಸಾಮಾನು ಬಂದು ಬಿತ್ತು. ಅದರಲ್ಲಿ ಏನೇನಿದೆ ಅಂತ ತಿಳಿಯುವುದಕ್ಕೇ 50 ಜನ ಆರು ತಿಂಗಳು ಕೂತರು. ಸುಲಭವಾಗಿ ಗುರುತು ಸಿಕ್ಕಿದ್ದು ನೂರಕ್ಕೆ 30 ಭಾಗ. ಕೆಲವು ಔಷಧಿಗಳ ಅವಧಿ ಮುಗಿದಿತ್ತು, ಕೆಲವು ಹಿಮಕ್ಕೆ ಸಿಕ್ಕಿ ಹಾಳಾಗಿದ್ದವು. ಬೋಸ್ನಿಯಾ ಯುದ್ಧದ ಕಾಲದಲ್ಲಿ, 1992ರಿಂದ 1996ರೊಳಗೆ, ಬಂದದ್ದು ಸುಮಾರು 35,000 ಟನ್. ಅದರಲ್ಲಿ 17,000 ಟನ್ ಕೆಲಸಕ್ಕೆ ಬಾರದ್ದು. ಅರ್ಧದಷ್ಟು! ಯುದ್ಧದಲ್ಲಿ ಬೆಂದ ದೇಶಕ್ಕೆ ಆ ಕಸ ವಿಲೇವಾರಿ ಮಾಡುವ ಖರ್ಚು ಬೇರೆ. ಎರಿಟ್ರಿಯಾಕ್ಕೆ ಏಳು ಲಾರಿ ಹಳೆಯ ಆಸ್ಪಿರಿನ್ ಹೋಗಿತ್ತು, ಸುಟ್ಟು ಮುಗಿಸಲು ಆರು ತಿಂಗಳು ಹಿಡಿಯಿತು. ಮಾತ್ರೆ ಬೂದಿಯಾಗಲು ತುಂಬಾ ಬಿಸಿಯಾದ ಕುಲುಮೆ ಬೇಕು. ಬಾಂಬ್ ಬಿದ್ದ ಊರಿನಲ್ಲಿ ಅದನ್ನು ಎಲ್ಲಿಂದ ತರುತ್ತಾರೆ?

ಈ ಅನುಭವದಿಂದಲೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧಿ ದಾನಕ್ಕೆ ನಿಯಮ ಮಾಡಿತು. 1999ರಲ್ಲಿ, ಮತ್ತೆ 2010ರಲ್ಲಿ ತಿದ್ದಿತು. ನಿಯಮಗಳು ಸರಳ. ಪಡೆಯುವವರು ಕೇಳಿರಬೇಕು, ಒಪ್ಪಿರಬೇಕು. ಅವರ ದೇಶದ ಔಷಧಿ ಪಟ್ಟಿಯಲ್ಲಿ ಇರಬೇಕು. ಒಮ್ಮೆ ರೋಗಿಯ ಕೈಗೆ ಹೋಗಿ ವಾಪಸ್ ಬಂದದ್ದಾಗಲಿ, ಸ್ಯಾಂಪಲ್ ಆಗಲಿ ಕೂಡದು. ಅಲ್ಲಿಗೆ ತಲುಪಿದ ದಿನದಿಂದ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು. ಬ್ರ್ಯಾಂಡ್ ಹೆಸರಿನ ಜೊತೆ ಜನರಿಕ್ ಹೆಸರು, ಅಂದರೆ ಔಷಧಿಯ ಮೂಲ ಹೆಸರು ಇರಬೇಕು. ಇಲ್ಲಿ ಡೋಲೋ ಅಂದರೆ ಮಕ್ಕಳಿಗೂ ಗೊತ್ತು. ಡಾರ್ಫರ್‌ನ ನರ್ಸ್‌ಗೆ ಪ್ಯಾರಾಸಿಟಮಾಲ್ ಅಂತ ಬರೆದಿದ್ದರೆ ಮಾತ್ರ ಗೊತ್ತಾಗುತ್ತದೆ. ಇನ್ನೊಂದು ನಿಯಮ ನನಗೆ ತುಂಬಾ ಹಿಡಿಸಿದ್ದು: ಗುಣಮಟ್ಟದಲ್ಲಿ ಎರಡು ಅಳತೆ ಬೇಡ. ಶಿವಮೊಗ್ಗದಲ್ಲಿ ಯಾರಿಗೂ ಕೊಡಲಾಗದ್ದನ್ನು ಸುಡಾನಿನವರಿಗೂ ಕೊಡುವಂತಿಲ್ಲ.

ಏನೂ ಇಲ್ಲದಿರುವುದಕ್ಕಿಂತ ಏನೋ ಒಂದು ಇದ್ದರೆ ವಾಸಿ ಅಲ್ವಾ ಸಾರ್, ಅಂತ ಒಬ್ಬರು ಕೇಳಿದರು. ವಾಸಿ ಅಲ್ಲ. ಎಲ್ಲಿಯೋ ಒಂದು ಆಸ್ಪತ್ರೆಯಲ್ಲಿ ಮೂರು ಜನ ನರ್ಸ್‌ಗಳು ಉಳಿದಿದ್ದಾರೆ ಅಂದುಕೊಳ್ಳಿ. ನಮ್ಮ ಪೆಟ್ಟಿಗೆ ಬಿಚ್ಚಿ, ಒಂದೊಂದೇ ಸ್ಟ್ರಿಪ್ ತಿರುಗಿಸಿ ನೋಡಿ, ಒಳ್ಳೆಯದನ್ನು ಆರಿಸಲು ಅವರಲ್ಲಿ ಒಬ್ಬರು ದಿನವಿಡೀ ಕೂರಬೇಕು. ಆ ಪೆಟ್ಟಿಗೆ ಬಂದ ಲಾರಿಯಲ್ಲಿ ಬೇರೊಂದು ಪೆಟ್ಟಿಗೆಗೆ ಜಾಗ ಸಿಗಲಿಲ್ಲ. ಆ ಲಾರಿಯ ಡೀಸೆಲ್, ಚೆಕ್‌ಪೋಸ್ಟ್‌ಗಳಲ್ಲಿ ಕಾಯುವ ಹೊತ್ತು, ಡ್ರೈವರ್ ಜೀವದ ಅಪಾಯ, ಎಲ್ಲವೂ ನಮ್ಮ ಮನೆಯ ಉಳಿದ ಮಾತ್ರೆಗೆ ಖರ್ಚಾಯಿತು.

ಹಾಗಾದರೆ ಅವರಿಗೆ ಏನು ಬೇಕು? ಇದನ್ನು ಶಿವಮೊಗ್ಗದಲ್ಲಿ ಕೂತು ಊಹಿಸಬಾರದು, ಆದರೆ ಕಷ್ಟ ಯಾವ ಬಗೆಯದು ಅನ್ನುವುದು ಗೊತ್ತಿರುವ ವಿಷಯ. ಗುಂಡೇಟು, ಬಾಂಬ್ ಚೂರಿನ ಗಾಯ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಗಾಜ್, ಹೊಲಿಗೆ ದಾರ, ಗ್ಲೌಸ್, ಟೆಟನಸ್ ಲಸಿಕೆ, ಅರಿವಳಿಕೆ ಬೇಕು. ಕಣ್ಣಿಗೆ ಬೀಳದ ಸಾವು ಬೇರೆ ಇದೆ. ಅಲ್ಲಿಯ ಸರ್ಕಾರ 2024ರ ಆಗಸ್ಟಿನಲ್ಲಿ ಕಾಲರಾ ಹಬ್ಬಿದೆ ಅಂತ ಘೋಷಿಸಿತು. ಒಂದು ವರ್ಷ ದಾಟುವಷ್ಟರಲ್ಲಿ ರೋಗಿಗಳು ಒಂದು ಲಕ್ಷ ಮೀರಿದರು. ಕಾಲರಾ ಬಂದವರಲ್ಲಿ ಹೆಚ್ಚಿನವರು ಬರೀ ಓಆರ್‌ಎಸ್ ನೀರಿನಿಂದ ಬದುಕುತ್ತಾರೆ, ತೀರಾ ಬಳಲಿದವರಿಗೆ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬೇಕು. ಡಯಾಲಿಸಿಸ್ ನಡೆಯುತ್ತಿದ್ದ ಕಡೆ ಕರೆಂಟಿಲ್ಲ, ನೀರಿಲ್ಲ, ಫಿಲ್ಟರ್ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಇಲ್ಲ. ರಾಜಧಾನಿ ಖಾರ್ಟೂಮಿನಲ್ಲಿದ್ದ ದೇಶದ ಔಷಧಿ ಉಗ್ರಾಣಗಳೇ ಲೂಟಿಯಾದವು. ಹೀಗೆ ಸಾಯುವವರು ಯಾರೂ ಗುಂಡು ತಗುಲಿ ಸತ್ತವರ ಲೆಕ್ಕದಲ್ಲಿ ಬರುವುದಿಲ್ಲ.

ಇಲ್ಲಿಯೂ ಸ್ವಲ್ಪ ಲೆಕ್ಕಾಚಾರ ಬೇಕು. ಡ್ರಿಪ್ ಬಾಟಲಿ ಅಂದರೆ ಬಹುಪಾಲು ನೀರು. ಶಿವಮೊಗ್ಗದಿಂದ ಮಂಗಳೂರಿಗೋ ಮುಂಬೈಗೋ ಲಾರಿಯಲ್ಲಿ, ಅಲ್ಲಿಂದ ಹಡಗಿನಲ್ಲಿ ನೀರು ಸಾಗಿಸುವುದು ನಮ್ಮಂಥ ಸಣ್ಣ ಗುಂಪಿಗೆ ದುಬಾರಿ ಕೆಲಸ. ಓಆರ್‌ಎಸ್ ಪುಡಿ ಹಗುರ. ಗಾಜ್ ಹಗುರ, ಹೊಲಿಗೆ ದಾರ ಇನ್ನೂ ಹಗುರ. ತಂಪಿನಲ್ಲೇ ಇರಬೇಕಾದ ಇನ್ಸುಲಿನ್, ಲಸಿಕೆಗಳಿಗೆ ನಾವು ಕೈಹಾಕದಿರುವುದೇ ಒಳ್ಳೆಯದು, ದಾರಿಯುದ್ದಕ್ಕೂ ಆ ತಂಪು ಕಾಪಾಡುವ ಶಕ್ತಿ ನಮಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಕಿಟ್ ಅಂತ ಒಂದಿದೆ, 10,000 ಜನರಿಗೆ ಮೂರು ತಿಂಗಳಿಗೆ ಸಾಲುವಂತೆ ಅಳೆದು ಕಟ್ಟಿದ್ದು. ಕಟ್ಟುವವರಿಗೆ ಯಾವುದು ಎಷ್ಟು ಅಂತ ಗೊತ್ತು, ತೆರೆಯುವವರಿಗೂ ಗೊತ್ತು. ನಮ್ಮ ಪೆಟ್ಟಿಗೆ ಚಿಕ್ಕದಾದರೂ ಆ ಶಿಸ್ತು ಇರಲಿ.

ಅಲ್ಲಿ ಕೆಲಸ ಮಾಡುತ್ತಿರುವವರ ಬಗ್ಗೆಯೂ ಹೇಳಬೇಕು. ನಮ್ಮವರು ಅಲ್ಲಿಯವರನ್ನು ಬರೀ ಕೈಚಾಚಿದ ಜನ ಅಂದುಕೊಂಡಿದ್ದಾರೆ. ಯುದ್ಧ ಶುರುವಾದ ದಿನಗಳಲ್ಲೇ ಊರೂರಲ್ಲಿ, ಕೇರಿಕೇರಿಯಲ್ಲಿ ಯುವಕರು, ಹೆಂಗಸರು ಸೇರಿ ತುರ್ತು ಸ್ಪಂದನೆ ಕೋಣೆಗಳು ಅಂತ ಕಟ್ಟಿಕೊಂಡರು. ಮಲೆನಾಡಿನಲ್ಲಿ ಗದ್ದೆ ನಾಟಿಗೆ ಮುಯ್ಯಾಳು ಹೋಗುವ ಹಾಗೆ, ಅಲ್ಲಿಯೂ ಕೊಯ್ಲಿಗೆ, ಮನೆ ಕಟ್ಟಲು ಊರೇ ಕೂಡುವ ಹಳೆಯ ರೂಢಿ ಇದೆ. ಆ ರೂಢಿಯನ್ನೇ ಯುದ್ಧಕ್ಕೆ ತಂದರು. ಬೀದಿಯಲ್ಲಿ ಅಡುಗೆ, ಮುಚ್ಚಿದ ಆರೋಗ್ಯ ಕೇಂದ್ರಗಳ ಬಾಗಿಲು ತೆರೆಸುವುದು, ಗಾಯಾಳುಗಳನ್ನು ಸಾಗಿಸುವುದು, ಎಲ್ಲ ಇವರದ್ದೇ. ಹೊರದೇಶದಲ್ಲಿರುವ ಸುಡಾನಿಗರು ಫೋನಿನ ಬ್ಯಾಂಕ್ ಆ್ಯಪ್ ಮೂಲಕ ದುಡ್ಡು ಕಳಿಸುತ್ತಾರೆ, ಇವರು ಸಿಕ್ಕ ಕಡೆ ಕೊಳ್ಳುತ್ತಾರೆ. 2024ರ ಫೆಬ್ರವರಿಯಲ್ಲಿ ದೇಶದ ಬಹುಭಾಗದಲ್ಲಿ ನೆಟ್‌ವರ್ಕ್ ನಿಂತಾಗ ಆ್ಯಪ್ ನಿಂತಿತು, ಎಷ್ಟೋ ಕಡೆ ಅಡುಗೆಯೂ ನಿಂತಿತು. ಅಷ್ಟು ನೇರ ಸಂಬಂಧ. 2025ರಲ್ಲಿ ಇವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಒಮ್ಡುರ್ಮಾನ್ ನಗರದ ಅಲ್ ನಾವ್ ಆಸ್ಪತ್ರೆ ಶೆಲ್ ಬಿದ್ದರೂ ಬಾಗಿಲು ಹಾಕಲಿಲ್ಲ. ಅದನ್ನು ನಡೆಸಿದ ಡಾ. ಜಮಾಲ್ ಎಲ್ತಯೆಬ್ ಅವರಿಗೆ ಅದೇ ವರ್ಷ ಅರೋರಾ ಪ್ರಶಸ್ತಿ ಕೊಟ್ಟರು. ನಮ್ಮ ಪಟ್ಟಿಯನ್ನು ಬರೆಯಬೇಕಾದವರು ಇಂಥವರು. ನನ್ನಂಥ ನಿವೃತ್ತ ಫಾರ್ಮಸಿಸ್ಟ್ ಅಲ್ಲ, ಫೇಸ್‌ಬುಕ್ಕಿನಲ್ಲಿ ಪೋಸ್ಟರ್ ಮಾಡುವ ಹುಡುಗರೂ ಅಲ್ಲ.

ಯಂತ್ರಗಳ ವಿಷಯ ಬಂದರೆ ನನಗೆ ಇನ್ನೂ ಭಯ. 2021ರಲ್ಲಿ ಕೊರೋನಾ ಎರಡನೇ ಅಲೆ ಬಂದಾಗ ಜಿಲ್ಲೆಯ ತುಂಬಾ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳು ಬಂದವು. ಆಮೇಲೆ ಎಷ್ಟೋ ಕಡೆ ಅವು ಮೂಲೆ ಸೇರಿದವು. ಸುಮ್ನೆ ಬಿದ್ದಿವೆ, ಸುಡಾನಿಗೆ ಕಳಿಸೋಣ ಅಂತ ಸಲಹೆಗಳು ಬರುತ್ತಿವೆ. ಈ ಯಂತ್ರದ ಹೊಟ್ಟೆಯಲ್ಲಿ ಜಿಯೋಲೈಟ್ ಅನ್ನುವ ಹರಳುಗಳಿರುತ್ತವೆ. ಗಾಳಿಯ ನೈಟ್ರೋಜನ್ ಹಿಡಿದು ಆಕ್ಸಿಜನ್ ಬಿಡುವ ಕೆಲಸ ಅವುಗಳದ್ದು. ತೇವ ಕುಡಿದರೆ ಆ ಶಕ್ತಿ ಹೋಗುತ್ತದೆ. ಓಡದೆ ನಿಂತ ಯಂತ್ರ ಮಲೆನಾಡಿನ ಮಳೆಗಾಲಗಳನ್ನು ಕಳೆದಿದೆ ಅಂದರೆ ಒಳಗೇನಾಗಿದೆ ಅಂತ ಯೋಚಿಸಿ. ತೀರ್ಥಹಳ್ಳಿ, ಹೊಸನಗರದಲ್ಲಿ ಕಪಾಟಿನ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ! ಸ್ವಿಚ್ ಹಾಕಿದರೆ ದೀಪ ಹತ್ತುತ್ತದೆ, ಗುರ್ ಅನ್ನುತ್ತದೆ, ಕೊಳವೆಯಲ್ಲಿ ಬರುವುದು ಬರೀ ಗಾಳಿ. ಅಳೆದು ನೋಡದೆ ಅದನ್ನು ಮಗುವಿನ ಮೂಗಿಗೆ ಇಡುವುದು ಪಾಪ. ಅಲ್ಲಿ ಹೋದ ಮೇಲೆ ಮರುಭೂಮಿಯ ಧೂಳಿಗೆ ಫಿಲ್ಟರ್ ಬೇಕು, ರಿಪೇರಿಗೆ ಜನ ಬೇಕು, ಎಲ್ಲಕ್ಕಿಂತ ಮೊದಲು ಕರೆಂಟ್ ಬೇಕು. ಮೂಲೆಯಲ್ಲಿರುವ ಯಂತ್ರಗಳನ್ನು ಬಯೋಮೆಡಿಕಲ್ ಇಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸಿ. ಸರಿಯಿದ್ದವು ನಮ್ಮದೇ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗಲಿ.

ಆರೋಗ್ಯ ಕೇಂದ್ರ ಅಂದಾಗ ಆ ಇನ್ನೊಂದು ಪ್ರಶ್ನೆ ಬರುತ್ತದೆ. ಗಾಂಧಿ ಬಜಾರಿನಲ್ಲಿ ಡಬ್ಬಿ ಹಿಡಿದು ನಿಂತ ನಮ್ಮ ಹುಡುಗಿಯರಿಗೆ ಜನ ಕೇಳುವುದೂ ಇದನ್ನೇ: ನಮ್ಮ ಹಳ್ಳಿ ಆಸ್ಪತ್ರೆಗೇ ದಿಕ್ಕಿಲ್ಲ, ಸುಡಾನ್ ಯಾಕಮ್ಮ? ಇದು ಕುಹಕದ ಪ್ರಶ್ನೆ ಅಂತ ನಾನು ತಳ್ಳಿಹಾಕುವುದಿಲ್ಲ. ಹಳ್ಳಿ ಆಸ್ಪತ್ರೆಗಳ ಕೊರತೆ ನನಗಿಂತ ಚೆನ್ನಾಗಿ ಗೊತ್ತಿರುವವರು ಕಡಿಮೆ. ಆದರೆ ಇಲ್ಲಿ ಕೊರತೆಯಾದರೆ ಕೇಳಲು ಶಾಸಕರಿದ್ದಾರೆ, ನೀವಿದ್ದೀರಿ, ಪತ್ರಿಕೆ ಇದೆ. ಜಗಳ ಆಡಬಹುದು. ಆ ಜಗಳ ನಿಲ್ಲಿಸಿ ಸುಡಾನಿಗೆ ಕೊಡಿ ಅಂತ ಯಾರೂ ಹೇಳುತ್ತಿಲ್ಲ. ಎರಡನ್ನೂ ಮಾಡಬಹುದು.

ಮಲೆನಾಡಿಗೆ ಹೊರಗಿನವರ ನೆರವು ಬಂದದ್ದೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೆ ಜ್ವರ ಬಂದಾಗ ಆ ವೈರಸ್ ಹುಡುಕಿದ್ದು ಪುಣೆಯ ಪ್ರಯೋಗಾಲಯದವರು. ಆ ಪ್ರಯೋಗಾಲಯ ಕಟ್ಟಲು ಕೈಜೋಡಿಸಿದ್ದು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್. ನಮ್ಮ ಕಾಡಿನ ಕಾಯಿಲೆ ನಮಗೆ ಸಂಬಂಧವಿಲ್ಲ ಅಂತ ಅವರು ಹೇಳಬಹುದಿತ್ತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಜೀವ ತೆಗೆದಾಗ ರೋಗಿಗಳು ಘಟ್ಟ ಇಳಿದು ಮಣಿಪಾಲಕ್ಕೆ ಹೋದರು. ವರ್ಷಗಟ್ಟಲೆ ಚುಚ್ಚಿಸಿಕೊಂಡ ಲಸಿಕೆಗೆ ಶಕ್ತಿಯೇ ಸಾಲದು ಅಂತ 2022ರಲ್ಲಿ ಅದನ್ನು ನಿಲ್ಲಿಸಿದರು. ಹೆಸರಿಗೆ ಔಷಧಿ, ಒಳಗೆ ಕಸುವಿಲ್ಲ. ಇದನ್ನು ಅನುಭವಿಸಿದ ಜಿಲ್ಲೆಯವರು ಬೇರೆಯವರಿಗೆ ಕಸುವಿಲ್ಲದ ಔಷಧಿ ಕಳಿಸಬಾರದು.

ಬಡವರು ದೂರದವರಿಗೆ ಕೊಡಬಾರದು ಅನ್ನುವ ವಾದಕ್ಕೆ ಹಳೆಯ ಉತ್ತರ ಒಂದಿದೆ. 1938ರಲ್ಲಿ ನಾವೇ ಬ್ರಿಟಿಷರ ಕೈಕೆಳಗಿದ್ದೆವು. ಜಪಾನ್ ದಾಳಿಯಲ್ಲಿ ಚೀನಾ ನರಳುತ್ತಿತ್ತು. ಸುಭಾಷ್ ಚಂದ್ರ ಬೋಸರು ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಕಾಲ. ಜನರಿಂದ 22,000 ರೂಪಾಯಿ ಎತ್ತಿ, ಐದು ಜನ ಡಾಕ್ಟರುಗಳನ್ನು, ಆಂಬ್ಯುಲೆನ್ಸನ್ನು ಚೀನಾಕ್ಕೆ ಕಳಿಸಿದರು. ಅವರಲ್ಲಿ ಒಬ್ಬರು ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್. ಅಲ್ಲೇ ಕೆಲಸ ಮಾಡುತ್ತಾ 1942ರಲ್ಲಿ ತೀರಿಕೊಂಡರು, 32 ವರ್ಷಕ್ಕೆ. ಗಮನಿಸಿ, ಆಗ ಜನ ಕೊಟ್ಟದ್ದು ದುಡ್ಡು. ಬೇಡಿಕೆ ಬಂದದ್ದು ಚೀನಾದ ಕಡೆಯಿಂದ.

ಕಳಿಸಿದ್ದು ಸೈನಿಕರ ಕೈಗೆ ಹೋಗುವುದಿಲ್ಲ ಅಂತ ಏನು ಗ್ಯಾರಂಟಿ? ಪೂರಾ ಗ್ಯಾರಂಟಿ ಕೊಡಲು ನನ್ನಿಂದಾಗದು. ಅಲ್ಲಿ ನೆರವಿನ ಲಾರಿಗಳು ಲೂಟಿಯಾಗಿವೆ, ಸುಟ್ಟಿವೆ. ನೆರವಿನ ಬಾಗಿಲಾದ ಪೋರ್ಟ್ ಸುಡಾನ್ ಮೇಲೇ 2025ರ ಮೇ ತಿಂಗಳಲ್ಲಿ ಡ್ರೋನ್ ದಾಳಿ ಆಯಿತು. ಎರಡೂ ಪಡೆಗಳ ಮೇಲೆ ಯುದ್ಧಾಪರಾಧದ ಆರೋಪಗಳಿವೆ, ಯಾರ ಪರವೂ ನಮಗೆ ಬೇಡ. ಅದಕ್ಕೇ ಸ್ವಂತ ಪೆಟ್ಟಿಗೆಗಿಂತ, ದಾರಿ ಗೊತ್ತಿರುವ ಸಂಸ್ಥೆಗಳ ಮೂಲಕ ಹೋಗುವುದು ಮೇಲು ಅನ್ನುತ್ತಿದ್ದೇನೆ. ರೆಡ್ ಕ್ರಾಸ್ ಇದೆ. ಗಡಿಯಿಲ್ಲದ ವೈದ್ಯರು ಅಂತ ಕರೆಯುವ ಎಂಎಸ್‌ಎಫ್ ಇದೆ. ಎಲ್ ಫಾಶರ್‌ನಿಂದ ಓಡಿಹೋದವರು ಸೇರಿದ ತವಿಲಾದಲ್ಲಿ ಆಸ್ಪತ್ರೆ ನಡೆಸುತ್ತಿರುವುದು ಇವರೇ.

ಈಗ ಜಿಲ್ಲಾಧಿಕಾರಿಗಳಿಗೆ ನೇರವಾಗಿ.

ಸಾರ್, ಔಷಧಿ ಶೇಖರಿಸಿ ಹಂಚಲು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ದೇವಸ್ಥಾನದ ಮುಂದೆ ಪೆಟ್ಟಿಗೆ ಇಟ್ಟ ಹುಡುಗರಿಗೆ ಇದು ಗೊತ್ತಿಲ್ಲ. ಆ ಪೆಟ್ಟಿಗೆಯಲ್ಲಿ ನಾಳೆ ಯಾರದೋ ಮನೆಯ ಮಾರ್ಫಿನ್ ಮಾತ್ರೆ, ಅಂದರೆ ಕಡು ನೋವಿಗೆ ಕೊಡುವ ಮಾತ್ರೆ ಬಂದರೆ, ಅದು 1985ರ ಮಾದಕ ವಸ್ತು ಕಾಯ್ದೆಗೆ ಬರುತ್ತದೆ. ಒಳ್ಳೆಯದು ಮಾಡಲು ಹೋದ ಮಕ್ಕಳು ಪೊಲೀಸ್ ಠಾಣೆ ಮೆಟ್ಟಿಲು ಹತ್ತುವಂತಾಗಬಾರದು. ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಂದ ಒಂದು ಪುಟದ ಸೂಚನೆ ಹೊರಡಿಸಿ. ಸಾರ್ವಜನಿಕರು ಏನು ಸಂಗ್ರಹಿಸಬಹುದು, ಏನು ಕೂಡದು, ಲೈಸೆನ್ಸ್ ಇರುವ ಸಗಟು ವ್ಯಾಪಾರಿಯ ಮೂಲಕ ಕೊಂಡು ಬ್ಯಾಚ್ ನಂಬರ್ ಸಮೇತ ಬಿಲ್ ಇಟ್ಟರೆ ಸಾಕೋ, ರಫ್ತಿಗೆ ಯಾರ ಒಪ್ಪಿಗೆ ಬೇಕು, ಇಷ್ಟು ಕನ್ನಡದಲ್ಲಿ ಇರಲಿ. ವಿದೇಶಾಂಗ ಸಚಿವಾಲಯ ಸುಡಾನಿಗೆ ನೆರವು ಕಳಿಸುವಾಗ ಜಿಲ್ಲೆಗಳಿಂದ ಬಂದದ್ದನ್ನೂ ಸೇರಿಸಿಕೊಳ್ಳುತ್ತದೆಯೇ ಅಂತ ನೀವೊಂದು ಪತ್ರ ಬರೆದು ಕೇಳಿ. ನಾವು ಬರೆದರೆ ಉತ್ತರ ಬರುವುದು ಅನುಮಾನ. ನಿಮ್ಮ ಲೆಟರ್‌ಹೆಡ್‌ಗೆ ಬರುತ್ತದೆ.

ದುಡ್ಡಿನ ವಿಷಯದಲ್ಲೂ ಸ್ಪಷ್ಟತೆ ಬೇಕು. ಮಠಗಳು, ಟ್ರಸ್ಟ್‌ಗಳು ಕೊಡಲು ಮುಂದೆ ಬಂದಿವೆ. ಆದರೆ ಟ್ರಸ್ಟ್ ತನ್ನ ಆದಾಯವನ್ನು ದೇಶದ ಹೊರಗೆ ಖರ್ಚು ಮಾಡಿದರೆ, ವಿಶೇಷ ಒಪ್ಪಿಗೆ ಇಲ್ಲದೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಆಡಿಟರ್ ಹೇಳಿದ ಕೂಡಲೇ ಎಲ್ಲರೂ ಹಿಂದೆ ಸರಿಯುತ್ತಾರೆ. ಗೊತ್ತಿರುವ ಅಧಿಕಾರಿಯೊಬ್ಬರು ಒಂದು ಸಂಜೆ ಬಂದು ವಿವರಿಸಿದರೆ ಸಾಕು, ಸಭೆಗೆ ಜಾಗ, ಕಾಫಿ ನಮ್ಮದು.

ಇನ್ನೊಂದು ಕೇಳಿಕೆ ಸುಡಾನಿನದ್ದಲ್ಲ, ಆದರೆ ಇದಕ್ಕೆ ಅಂಟಿಕೊಂಡಿದೆ. ಜನ ಉಳಿದ ಮಾತ್ರೆಗಳನ್ನು ನಮಗೆ ತಂದುಕೊಡಲು ದೊಡ್ಡ ಕಾರಣ, ಅವನ್ನು ಬಿಸಾಡಲು ಜಾಗವಿಲ್ಲ. ಕಸದ ಗಾಡಿಗೆ ಹಾಕಿದರೆ ದನ ತಿನ್ನುತ್ತದೆ, ಮೋರಿಗೆ ಹಾಕಿದರೆ ತುಂಗೆಗೆ ಹೋಗುತ್ತದೆ. ಕೇರಳದವರು 2025ರಲ್ಲಿ ಕೋಳಿಕ್ಕೋಡಿನಲ್ಲಿ ಉಳಿದ ಔಷಧಿ ವಾಪಸ್ ಪಡೆದು ಸರಿಯಾಗಿ ನಾಶಮಾಡುವ ಯೋಜನೆ ಶುರು ಮಾಡಿದ್ದಾರೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಗೇಟಿನ ಹತ್ತಿರ, ದೊಡ್ಡ ಮೆಡಿಕಲ್ ಶಾಪ್‌ಗಳಲ್ಲಿ ಅಂಥ ಡಬ್ಬಿ ಇಡಿಸಿ. ಆ ಡಬ್ಬಿ ಬಂದ ದಿನ ನನ್ನ ಮೇಜಿನ ಕೆಲಸ ಅರ್ಧ ಕಡಿಮೆಯಾಗುತ್ತದೆ. ಅಪ್ಪನ ಔಷಧಿ ಕವರ್ ಹಿಡಿದು ಬಂದವರಿಗೂ ನಾನೊಂದು ವಿಳಾಸ ಹೇಳಬಹುದು.

ಮೆಡಿಕಲ್ ಶಾಪ್‌ನವರಿಗೂ ಒಂದು ಮಾತು. ಸ್ಟ್ರಿಪ್ ಕತ್ತರಿಸುವಾಗ ತಾರೀಕಿನ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ. ದಾನಕ್ಕೆ ಅಂತ ಅಲ್ಲ, ಕೊಳ್ಳುವವರ ಒಳ್ಳೆಯದಕ್ಕೇ. ಜನೌಷಧಿ ಕೇಂದ್ರಗಳ ಬೆಲೆಯನ್ನು ದಾನಿಗಳಿಗೆ ಒಮ್ಮೆ ತೋರಿಸಿ. ಅದೇ ದುಡ್ಡಿಗೆ ಎಷ್ಟು ಜಾಸ್ತಿ ಔಷಧಿ ಬರುತ್ತದೆ ಅಂತ ಗೊತ್ತಾದರೆ ಯಾರೂ ಹಳೆಯ ಸ್ಟ್ರಿಪ್ ಹುಡುಕುತ್ತಾ ಕೂರುವುದಿಲ್ಲ.

ಸದ್ಯಕ್ಕೆ ಪೆಟ್ಟಿಗೆಗಳನ್ನು ವಾಪಸ್ ತರಿಸಿ ಬೀಗ ಹಾಕಿದ್ದೇವೆ. ಅಲ್ಲಿಂದ ಪಟ್ಟಿ ಬರಲಿ ಅಂತ ಕಾಯುತ್ತಿದ್ದೇವೆ. ಕೊಟ್ಟವರ ಹೆಸರು, ಮೊತ್ತ ರಸೀದಿ ಪುಸ್ತಕದಲ್ಲಿದೆ, ಯಾರು ಬೇಕಾದರೂ ಬಂದು ನೋಡಬಹುದು. ಪಟ್ಟಿ ಬಂದರೆ ಮೊದಲು ಗಾಜ್, ಗ್ಲೌಸ್, ಹೊಲಿಗೆ ದಾರ, ಓಆರ್‌ಎಸ್ ಇವುಗಳಲ್ಲಿ ಅವರು ಕೇಳಿದ್ದನ್ನು ಮಾತ್ರ ಕೊಳ್ಳುತ್ತೇವೆ, ಅದೂ ಒಂದೂವರೆ ವರ್ಷಕ್ಕಿಂತ ಜಾಸ್ತಿ ಅವಧಿ ಉಳಿದಿದ್ದರೆ. ದಾರಿಯಲ್ಲಿ ತಿಂಗಳುಗಳು ಹೋಗುತ್ತವೆ, ಆ ಲೆಕ್ಕ ಹಿಡಿದು.

ಸಾರ್, ಉತ್ತರಕ್ಕೆ ಸ್ವಲ್ಪ ಅವಸರವಿದೆ. ಜೂನ್‌ನಲ್ಲಿ ಮಳೆ ಹಿಡಿದರೆ ಸ್ಟೆರೈಲ್, ಅಂದರೆ ಕ್ರಿಮಿರಹಿತ ಸಾಮಾನಿನ ಕಾರ್ಟನ್‌ಗಳನ್ನು ಇಡಲು ನಮ್ಮ ಹತ್ತಿರ ಒಣ ಜಾಗ ಇಲ್ಲ. ಪ್ಯಾಕೆಟ್ ತೇವ ಹಿಡಿದರೆ ಅದು ಸ್ಟೆರೈಲ್ ಅಲ್ಲ. ಮೇ ಮುಗಿಯುವುದರೊಳಗೆ ಆ ಒಂದು ಪುಟದ ಸೂಚನೆ ಸಿಕ್ಕರೆ ಖರೀದಿ ಶುರು ಮಾಡುತ್ತೇವೆ. ಸಿಗದಿದ್ದರೆ, ಕೂಡಿದ ದುಡ್ಡನ್ನು ಕೊಟ್ಟವರ ಒಪ್ಪಿಗೆ ಕೇಳಿ ಸುಡಾನಿನಲ್ಲಿ ಕೆಲಸ ಮಾಡುತ್ತಿರುವ ಸಂಸ್ಥೆಗೆ ಕಟ್ಟಿ, ರಸೀದಿಯ ಒಂದು ಪ್ರತಿಯನ್ನು ನಿಮ್ಮ ಕಚೇರಿಗೆ ತಲುಪಿಸುತ್ತೇವೆ.

ಇತಿ,
ಒಬ್ಬ ನಿವೃತ್ತ ಫಾರ್ಮಸಿಸ್ಟ್
ಶಿವಮೊಗ್ಗ